ಹಳೆ ಚರ್ಚ್ ಅಂಗಡಿ ಸಾಲಾಗುವಾಗ: ಓದುಗರ ಪ್ರಶ್ನೆ, ಪರಿಣತರ ಉತ್ತರ

ಹೊರದೇಶಗಳಲ್ಲಿ ಆರಾಧನೆ ನಿಂತ ಚರ್ಚ್‌ಗಳು ಅಂಗಡಿ ಸಾಲುಗಳಾಗಿರುವ ಬಗ್ಗೆ, ನಮ್ಮ ಕಡೆಯ ಹಳೆ ಕಲ್ಲು-ಗಾರೆ ಕಟ್ಟಡಗಳನ್ನು ಮಳಿಗೆ ಮಾಡುವ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳನ್ನು ಕಟ್ಟಡ ಸಂರಕ್ಷಣೆಯಲ್ಲಿ ಕೆಲಸ ಮಾಡುವ ಎಂಜಿನಿಯರ್ ಮತ್ತು ವಾಸ್ತುಶಿಲ್ಪಿಗಳು ಬರೆದಿದ್ದಾರೆ.

ನೆದರ್ಲೆಂಡ್ಸ್‌ನಲ್ಲಿ ಏಳುನೂರು ವರ್ಷ ಹಳೆಯ ಚರ್ಚ್ ಒಳಗೆ ಪುಸ್ತಕದಂಗಡಿ ಮಾಡಿದ ಫೋಟೊ ನೋಡಿದೆ. ಒಳಗೆ ಮಹಡಿ ಮೇಲೆ ಮಹಡಿ ಇದೆ, ಆದರೆ ಗೋಡೆ, ಕಮಾನು ಹಾಗೇ ಉಳಿದಿವೆ. ಇದು ಹೇಗೆ ಸಾಧ್ಯ? — ಪಿ.ಜೆ. ಬಡಾವಣೆ, ದಾವಣಗೆರೆ

ಅದು ಮಾಸ್ತ್ರಿಕ್ಟ್ ಊರಿನ ಡೊಮಿನಿಕನ್ ಚರ್ಚ್. ಪ್ರತಿಷ್ಠೆ ಆದದ್ದು 1294ರಲ್ಲಿ. 1794ರಲ್ಲಿ ಫ್ರೆಂಚ್ ಸೇನೆ ಊರನ್ನು ಗೆದ್ದ ಮೇಲೆ ಆರಾಧನೆ ನಿಂತಿತು. ಆಮೇಲೆ ಕಟ್ಟಡ ಗೋದಾಮಾಯಿತು, ಸೈಕಲ್ ನಿಲ್ಲಿಸುವ ಜಾಗವೂ ಆಯಿತು. 2006ರಲ್ಲಿ ಪುಸ್ತಕದಂಗಡಿ ಬಂತು. ಮೆರ್ಕ್ಸ್ ಮತ್ತು ಗಿರೋಡ್ ಎಂಬ ವಾಸ್ತುಶಿಲ್ಪಿಗಳ ಕೆಲಸ.

ಅವರ ಮುಂದಿದ್ದ ಲೆಕ್ಕ ಕಷ್ಟದ್ದು. ಅಂಗಡಿಯವರಿಗೆ 1200 ಚದರ ಮೀಟರ್ ಬೇಕು, ಚರ್ಚಿನ ನೆಲ ಇರುವುದು 750. ಸುಲಭದ ದಾರಿ ಎಂದರೆ ಅರ್ಧ ಎತ್ತರದಲ್ಲಿ ಒಂದು ಪೂರ್ತಿ ಮಹಡಿ ಹಾಸುವುದು. ಹಾಗೆ ಮಾಡಿದ್ದರೆ ಕೆಳಗೆ ನಿಂತವರಿಗೆ ಕಮಾನು ಕಾಣುತ್ತಿರಲಿಲ್ಲ, ಮೇಲೆ ನಿಂತವರಿಗೆ ಕಂಬದ ಬುಡ ಕಾಣುತ್ತಿರಲಿಲ್ಲ. ಒಳಗಿನ ಎತ್ತರವೇ ಸತ್ತುಹೋಗುತ್ತಿತ್ತು. ಅವರು ಅದನ್ನು ಬಿಟ್ಟು, ಸಭಾಂಗಣದ ಒಂದೇ ಬದಿಗೆ ಕಪ್ಪು ಉಕ್ಕಿನ ಎತ್ತರದ ಪುಸ್ತಕದ ಕಪಾಟು ನಿಲ್ಲಿಸಿದರು. ಮೆಟ್ಟಿಲು, ನಡೆದಾಡುವ ದಾರಿ, ಲಿಫ್ಟ್ ಎಲ್ಲ ಕಪಾಟಿನ ಒಳಗೇ ಇವೆ. ಇನ್ನೊಂದು ಬದಿ ನೆಲದಿಂದ ಕಮಾನಿನವರೆಗೆ ಖಾಲಿ. ಕಪಾಟಿನ ಭಾರ ಅದರದೇ ಕಾಲುಗಳಿಂದ ನೆಲಕ್ಕೆ ಇಳಿಯುತ್ತದೆ, ಹಳೆ ಕಲ್ಲಿನ ಕಂಬ ಏನನ್ನೂ ಹೊರುವುದಿಲ್ಲ. ಕೊಳವೆ ಮತ್ತು ತಂತಿಗಳನ್ನು ನೆಲದ ಕೆಳಗೆ ಒಯ್ದದ್ದರಿಂದ ಗೋಡೆ ಕೊರೆಯಬೇಕಾಗಲಿಲ್ಲ. ನಾಳೆ ಅಂಗಡಿ ಹೋದರೆ ಬೋಲ್ಟ್ ಬಿಚ್ಚಿ ಕಪಾಟು ಹೊರಗೆ ತೆಗೆಯಬಹುದು, ಚರ್ಚ್ ಇದ್ದಹಾಗೇ ಸಿಗುತ್ತದೆ.

ನಮ್ಮಲ್ಲಿ ಯಾರೇ ಹಳೆ ಸಭಾಂಗಣದಲ್ಲಿ ಮಳಿಗೆ ಮಾಡಹೊರಟರೂ ಇದೊಂದನ್ನು ಹಿಡಿದುಕೊಳ್ಳಬೇಕು: ಮಳಿಗೆ ಎಂಬುದು ಒಳಗೆ ತಂದಿಟ್ಟ ಪೀಠೋಪಕರಣದಂತಿರಲಿ, ಕಟ್ಟಡದ ಅಂಗವಾಗುವುದು ಬೇಡ. ಮುಂದಿನ ಉತ್ತರಗಳೆಲ್ಲ ಇದರ ವಿವರಗಳೇ.

ಹೀಗೆ ಬದಲಾಯಿಸಿದ ಚರ್ಚ್‌ಗಳೆಲ್ಲ ವ್ಯಾಪಾರದಲ್ಲಿ ಗೆದ್ದಿವೆಯೇ? — ಚಿಕ್ಕಪೇಟೆ, ಚಿತ್ರದುರ್ಗ

ಇಲ್ಲ. ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂ ಮತ್ತು 20ನೇ ಬೀದಿ ಕೂಡುವಲ್ಲಿ ವಾಸ್ತುಶಿಲ್ಪಿ ರಿಚರ್ಡ್ ಅಪ್‌ಜಾನ್ 1840ರ ದಶಕದಲ್ಲಿ ಕಟ್ಟಿದ ಹೋಲಿ ಕಮ್ಯೂನಿಯನ್ ಚರ್ಚ್ ಇದೆ. 1983ರಲ್ಲಿ ಅದು ಲೈಮ್‌ಲೈಟ್ ಎಂಬ ನೈಟ್‌ಕ್ಲಬ್ ಆಯಿತು, 2010ರಲ್ಲಿ ಅಂಗಡಿ ಸಾಲು. ಸಣ್ಣ ಸಣ್ಣ ಮಳಿಗೆಗಳನ್ನು ಮಹಡಿಗಳಲ್ಲಿ ಒತ್ತೊತ್ತಾಗಿ ತುಂಬಿದರು. ಒಳಗೆ ಬಂದವರಿಗೆ ಅದು ಚರ್ಚೆಂದು ತಿಳಿಯಲು ಹುಡುಕಬೇಕಿತ್ತು. ಅಂಗಡಿ ಸಾಲು ಬಹುಕಾಲ ಬಾಳದೆ ಆ ಜಾಗಕ್ಕೆ ಜಿಮ್ ಬಂತು.

ಸಿಂಗಪುರದ ಚೈಮ್ಸ್ ಬೇರೆ ದಾರಿ ಹಿಡಿಯಿತು. ಅದು ಕ್ರೈಸ್ತ ಸನ್ಯಾಸಿನಿಯರ ಮಠ ಮತ್ತು ಶಾಲೆಯಾಗಿದ್ದ ಆವರಣ, ಒಳಗಿನ ಗಾತಿಕ್ (ಚೂಪು ಕಮಾನಿನ) ಶೈಲಿಯ ಪ್ರಾರ್ಥನಾಮಂದಿರ 1904ರದ್ದು. 1983ರಲ್ಲಿ ಮಠ ಅಲ್ಲಿಂದ ತೆರವಾಯಿತು, 1996ರಲ್ಲಿ ಆವರಣ ಹೊಸ ರೂಪದಲ್ಲಿ ತೆರೆಯಿತು. ಅಂಗಡಿ, ಊಟದ ಜಾಗಗಳನ್ನೆಲ್ಲ ಸುತ್ತಲಿನ ಕಟ್ಟಡಗಳಿಗೆ ಮತ್ತು ಅಂಗಳದಲ್ಲಿ ತಗ್ಗು ತೋಡಿ ಮಾಡಿದ ಚೌಕಕ್ಕೆ ಹಾಕಿ, ಪ್ರಾರ್ಥನಾಮಂದಿರವನ್ನು ತುಂಡು ಮಾಡದೆ ಒಂದೇ ಸಭಾಂಗಣವಾಗಿ ಉಳಿಸಿದರು. ಮದುವೆ, ಸಂಗೀತ ಕಛೇರಿಗೆ ಬಾಡಿಗೆಗೆ ಹೋಗುತ್ತದೆ. ನಿಮ್ಮ ಹಳೆ ಕಟ್ಟಡಕ್ಕೆ ಅಂಗಳವೋ ಹಿಂಭಾಗದ ಕೊಠಡಿಗಳೋ ಇದ್ದರೆ ಸಿಂಗಪುರದ ದಾರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕುಟುಂಬದ್ದು ಹತ್ತಿ ವ್ಯಾಪಾರದ ಕಾಲದ ಒಂದು ಕಲ್ಲಿನ ಹಾಲ್. ಚರ್ಚಿನಂತೆಯೇ ಉದ್ದ, ಎತ್ತರ, ಎರಡೂ ಬದಿ ಕಮಾನಿನ ಕಿಟಕಿ, ಮರದ ಟ್ರಸ್ (ಮಾಡು ಹೊರುವ ತ್ರಿಕೋನ ಚೌಕಟ್ಟು), ಮಂಗಳೂರು ಹೆಂಚು. ಒಳಅಳತೆ 30 ಮೀಟರ್ ಉದ್ದ, 12 ಮೀಟರ್ ಅಗಲ. 20 ಮಳಿಗೆ ಮಾಡಿಕೊಡುತ್ತೇನೆ ಎಂದು ಗುತ್ತಿಗೆದಾರರೊಬ್ಬರು ಹೇಳುತ್ತಾರೆ. ಸರಿಯೇ? — ಮಂಡಿಪೇಟೆ, ದಾವಣಗೆರೆ

20 ಮಳಿಗೆ ಹಿಡಿಸಬಹುದು, ಆದರೆ ಕಟ್ಟಡವೂ ಉಳಿಯದು, ಗಿರಾಕಿಯೂ ನಿಲ್ಲರು. ನಮ್ಮ ಲೆಕ್ಕ 12.

ಅಗಲ 12 ಮೀಟರನ್ನು ಹೀಗೆ ಹಂಚಿ. ಪ್ರತಿ ಗೋಡೆಯಿಂದ 60 ಸೆಂ.ಮೀ. ಬಿಡಿ. ಆಮೇಲೆ 3.6 ಮೀಟರ್ ಆಳದ ಮಳಿಗೆ, ನಡುವೆ 3.6 ಮೀಟರ್ ಓಣಿ, ಮತ್ತೆ 3.6 ಮೀಟರ್ ಮಳಿಗೆ, ಕೊನೆಗೆ 60 ಸೆಂ.ಮೀ. ಅಲ್ಲಿಗೆ 12 ಮೀಟರ್ ಮುಗಿಯಿತು. ಉದ್ದದಲ್ಲಿ ಬಾಗಿಲ ಬಳಿ 5 ಮೀಟರ್, ತುದಿಯಲ್ಲಿ 4 ಮೀಟರ್ ಖಾಲಿ ಬಿಟ್ಟರೆ 21 ಮೀಟರ್ ಉಳಿಯುತ್ತದೆ. ಮೂರೂವರೆ ಮೀಟರ್ ಮುಖದ ಮಳಿಗೆ ಒಂದು ಬದಿಗೆ 6, ಎರಡೂ ಬದಿಗೆ 12. ಒಂದೊಂದರ ವಿಸ್ತೀರ್ಣ 12.6 ಚದರ ಮೀಟರ್.

ಗೋಡೆ ಪಕ್ಕದ 60 ಸೆಂ.ಮೀ. ವ್ಯರ್ಥ ಜಾಗ ಎಂದು ಗುತ್ತಿಗೆದಾರರು ಹೇಳುತ್ತಾರೆ. ಅದನ್ನು ಬಿಟ್ಟುಕೊಡಬೇಡಿ. ಒಬ್ಬ ಮನುಷ್ಯ ಅಡ್ಡ ತಿರುಗಿ ಹೋಗಿ ಗೋಡೆ ನೋಡಲು, ಗೆದ್ದಲು ಹತ್ತಿದೆಯೇ ಎಂದು ಪರೀಕ್ಷಿಸಲು, ಸುಣ್ಣ ಬಳಿಯಲು ಅಷ್ಟು ಬೇಕೇಬೇಕು. ಗೋಡೆಗೆ ಗಾಳಿ ಆಡುವುದೂ ಅಲ್ಲೇ. ಮಳಿಗೆಯ ಹಿಂಬದಿ ಹಲಗೆಯನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದ ಕಡೆಗಳಲ್ಲಿ ಎರಡು ಮಳೆಗಾಲದೊಳಗೆ ಹಲಗೆ ಬೂಷ್ಟು ಹಿಡಿಯುತ್ತದೆ, ಗೋಡೆಯಲ್ಲಿ ಏನಾಗುತ್ತಿದೆ ಎಂಬುದು ಗಿಲಾವು ಉದುರುವವರೆಗೂ ಯಾರಿಗೂ ಕಾಣುವುದಿಲ್ಲ.

ಮಳಿಗೆಯ ಅಡ್ಡಗೋಡೆ 2.4 ಮೀಟರ್ ಎತ್ತರ ಸಾಕು. ಮೇಲೆ ಮುಚ್ಚಿಗೆ ಹಾಕಬೇಡಿ. ಮುಚ್ಚಿದರೆ ಕಿಟಕಿಯ ಬೆಳಕು ಸಾಯುತ್ತದೆ, ಹೊಗೆ ಎದ್ದರೆ ಹೊರಗಿನವರಿಗೆ ತಡವಾಗಿ ತಿಳಿಯುತ್ತದೆ. ರಾತ್ರಿ ಭದ್ರತೆಗೆ ಮಡಚುವ ಜಾಲರಿ ಬಾಗಿಲು ಇರಲಿ. ಉರುಳುವ ಶಟರ್ ಬೇಡ: ಅದರ ಪೆಟ್ಟಿಗೆ ಮತ್ತು ಹಳಿಗಳಿಗೆ ಗಟ್ಟಿ ಆಸರೆ ಬೇಕಾಗುತ್ತದೆ, ಆ ಆಸರೆಗೆ ಎಲ್ಲರೂ ಹುಡುಕುವುದು ಹಳೆ ಕಂಬವನ್ನೇ.

ಜನರ ಲೆಕ್ಕವನ್ನೂ ಮಾಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಂಗಡಿಯ ನೆಲಮಹಡಿಗೆ 3 ಚದರ ಮೀಟರಿಗೆ ಒಬ್ಬರಂತೆ ಹಿಡಿಯುತ್ತಾರೆ. 360 ಚದರ ಮೀಟರಿಗೆ 120 ಜನ. ಯಾವ ಮೂಲೆಯಿಂದಲೂ ಹೊರಬಾಗಿಲಿಗೆ 30 ಮೀಟರಿಗಿಂತ ದೂರ ಇರಬಾರದು. ನಿಮ್ಮ ಹಾಲ್‌ಗೆ ಒಂದೇ ಮುಂಬಾಗಿಲು ಇದ್ದರೆ ತುದಿಯ ಮಳಿಗೆಯವರು ಆ ಮಿತಿಯ ಅಂಚಿಗೆ ಬಂದುಬಿಡುತ್ತಾರೆ, ಆದ್ದರಿಂದ ಹಿಂದೆ ಎರಡನೇ ದಾರಿ ಕಡ್ಡಾಯ ಎಂದೇ ತಿಳಿಯಿರಿ. ಹೊಸದಾಗಿ ಗೋಡೆ ಒಡೆಯುವ ಬದಲು ಒಂದು ಕಿಟಕಿಯ ಕೆಳಗಿನ ತುಂಬುಗೋಡೆಯನ್ನಷ್ಟೇ ತೆಗೆದು, ಮೇಲಿನ ಕಮಾನು ಹಾಗೇ ಉಳಿಸಿ, ಬಾಗಿಲು ಮಾಡಬಹುದು. ಬಾಗಿಲು ಹೊರಗೆ ತೆರೆಯಬೇಕು.

ಕಟ್ಟೆಯ ಎತ್ತರ 45 ಸೆಂ.ಮೀ. ಇದ್ದರೆ ಗಾಲಿಕುರ್ಚಿಯವರಿಗೆ 1:12 ಇಳಿಜಾರು, ಅಂದರೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಹಳೆ ಕಲ್ಲಿನ ಮೆಟ್ಟಿಲು ಒಡೆಯದೆ ಪಕ್ಕದಲ್ಲಿ ಉಕ್ಕಿನ ಚೌಕಟ್ಟಿನದು ಇಡಿ.

ಅದೇ ಹಾಲ್‌ನಲ್ಲಿ ಒಂದು ಉಕ್ಕಿನ ಅಟ್ಟ ಹಾಕಿ ಇನ್ನಷ್ಟು ಮಳಿಗೆ ಮಾಡಬಹುದಲ್ಲವೇ? — ಅದೇ ಓದುಗರು

ಮಾಡುವ ಮುನ್ನ ಭಾರ ಕೂಡಿ ನೋಡಿ. ಮನೆಯ ಮಹಡಿಗೆ ಚದರ ಮೀಟರಿಗೆ 200 ಕಿಲೊ ಹಿಡಿದರೆ ಚಿಲ್ಲರೆ ಅಂಗಡಿಗೆ 400 ಕಿಲೊ ಹಿಡಿಯಬೇಕು, ಸಗಟು ಅಂಗಡಿಗೆ 600. ಅಟ್ಟದ ಸ್ವಂತ ಭಾರ 150 ಎಂದಿಟ್ಟುಕೊಳ್ಳಿ. ನಾಲ್ಕು ಮೀಟರಿಗೊಂದು ಕಂಬ ನಿಲ್ಲಿಸಿದರೆ ಒಳಗಿನ ಪ್ರತಿ ಕಂಬದ ಪಾಲು 16 ಚದರ ಮೀಟರ್. 550 ಕಿಲೊದಂತೆ 8,800 ಕಿಲೊ. ಅಂದರೆ ಒಂದು ಕಂಬದ ಕೆಳಗೆ ಸುಮಾರು ಒಂಬತ್ತು ಟನ್.

ದಾವಣಗೆರೆಯಲ್ಲಿ ತೊಂದರೆ ಶುರುವಾಗುವುದು ಇಲ್ಲಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಚದರ ಮೀಟರಿಗೆ 5 ಟನ್ ಮಾತ್ರ ತಾಳುವ ಮಣ್ಣಾದರೆ ಆ ಕಂಬಕ್ಕೆ 1.35 ಮೀಟರ್ ಚೌಕದ ಪಾಯ ಬೇಕು, ಅದೂ ಉಬ್ಬು ತಲುಪದ ಆಳದಲ್ಲಿ. ಹಳೆ ಕಲ್ಲುಗೋಡೆಗಳ ಪಾಯ ಅನೇಕ ವೇಳೆ ಅಷ್ಟು ಆಳ ಇರುವುದಿಲ್ಲ. ಗೋಡೆಯ ಪಕ್ಕದಲ್ಲೇ ಅದಕ್ಕಿಂತ ಆಳ ಅಗೆದರೆ ಗೋಡೆಯ ಕೆಳಗಿನ ಮಣ್ಣು ಗುಂಡಿಗೆ ಜಾರುತ್ತದೆ, ಗೋಡೆ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ. ಗೋಡೆಯ ಹೊರಗಡೆ ಎರಡು ಕಡೆ ಚಿಕ್ಕ ಗುಂಡಿ ತೋಡಿ ಹಳೆ ಪಾಯದ ಆಳ ಅಳೆದುಕೊಳ್ಳಿ, ಅದೇ ದಿನ ಮುಚ್ಚಿಬಿಡಿ. ಪಾಯ ತೆಳುವಾಗಿದ್ದರೆ ಅಟ್ಟದ ಆಸೆ ಬಿಡುವುದು ಒಳ್ಳೆಯದು. ಚಿತ್ರದುರ್ಗದ ಕಡೆ ಗರಸೋ ಬಂಡೆಯೋ ಬೇಗ ಸಿಗುವ ಜಾಗಗಳಲ್ಲಿ ಇಷ್ಟು ಭಯವಿಲ್ಲ.

ಅಟ್ಟ ಹಾಕಿದರೂ ಅದರ ಅಂಚು ಗೋಡೆಯಿಂದ ಕನಿಷ್ಠ 30 ಸೆಂ.ಮೀ. ದೂರ ನಿಲ್ಲಲಿ, ಹಾಲ್‌ನ ಒಂದು ಬದಿಗೆ ಮಾತ್ರ ಇರಲಿ. ಜೋಡಣೆ ಬೋಲ್ಟ್‌ನದ್ದಾಗಲಿ. ಬೆಸುಗೆಯ ಕಿಡಿ ಒಣಮರದ ಟ್ರಸ್‌ಗೆ, ಅದರ ಮೇಲಿನ ಧೂಳಿಗೆ, ಹಕ್ಕಿಗೂಡಿಗೆ ಹಾರುತ್ತದೆ. ಒಳಗೊಳಗೇ ಹೊಗೆಯಾಡಿ, ಕೆಲಸದವರು ಮನೆಗೆ ಹೋದ ಮೇಲೆ ಉರಿ ಎದ್ದ ಕಟ್ಟಡಗಳಿವೆ. ಬೆಸುಗೆ ಅನಿವಾರ್ಯವಾದರೆ ಕೆಲಸ ಮುಗಿದ ಮೇಲೂ ಒಂದು ಗಂಟೆ ಒಬ್ಬರು ನೀರು, ಅಗ್ನಿಶಾಮಕ ಉಪಕರಣ ಇಟ್ಟುಕೊಂಡು ಕಾಯಬೇಕು.

ಹಳೆ ಕಟ್ಟಡ ಗಟ್ಟಿ ಇದೆಯೋ ಇಲ್ಲವೋ ಎಂದು ಮೊದಲು ಏನು ನೋಡಬೇಕು? ನೋಡಲು ಚೆನ್ನಾಗಿಯೇ ಇದೆ. — ಹರಿಹರ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವೂ ನೋಡಲು ಚೆನ್ನಾಗಿಯೇ ಇತ್ತು. 2012ರ ಆಗಸ್ಟ್‌ನಲ್ಲಿ, ಮಳಿಗೆಗಳು ನಡೆಯುತ್ತಿದ್ದಾಗಲೇ, ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಅಲ್ಲೇ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದಲ್ಲಿ ನಡೆದವು. ಹಳೆ ಮಳಿಗೆ ಕಟ್ಟಡದ ಪರೀಕ್ಷೆಯನ್ನು ಮೇಲಿನಿಂದ, ನೀರಿನಿಂದ ಶುರುಮಾಡಿ ಎಂದು ನಾವು ಪದೇಪದೇ ಹೇಳುವುದು ಇದಕ್ಕೇ.

ಚಾವಣಿ ನೋಡಿ. ಮಂಗಳೂರು ಹೆಂಚಿನ ಮಾಡಾದರೆ ಟ್ರಸ್‌ನ ಅಡ್ಡತೊಲೆ ಗೋಡೆಯೊಳಗೆ ಹೋಗುವ ತುದಿಯೇ ಮುಖ್ಯ. ದಂಬೆ ಸೋರಿದ ನೀರು ಅಲ್ಲೇ ಇಳಿಯುತ್ತದೆ, ಆ ತುದಿಗೆ ಗಾಳಿ ಇರುವುದಿಲ್ಲ, ಕೊಳೆಯುವುದೂ ಗೆದ್ದಲು ಹತ್ತುವುದೂ ಅಲ್ಲಿಂದಲೇ. ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳ್ಳೆ ಸಾಗುವಾನಿಗೆ ತುದಿ ಹೊಗುವುದೇ ಕಷ್ಟ. ಒಂದು ಸೆಂ.ಮೀ. ಸಲೀಸಾಗಿ ಇಳಿದರೆ ಆ ಭಾಗ ಹೋಗಿದೆ ಎಂದರ್ಥ. ಇಡೀ ತೊಲೆ ಬದಲಿಸಬೇಕಿಲ್ಲ. ಕೆಳಗೆ ಆಸರೆ ಕೊಟ್ಟು, ಕೊಳೆತ ತುದಿಯನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಒಣಗಿಸಿದ ಸಾಗುವಾನಿ ತುಂಡನ್ನು ಓರೆ ಜೋಡಣೆಯಲ್ಲಿ ಕೂಡಿಸಿ, ಎರಡು ಬದಿಗೂ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿಯಬಹುದು. ಗೋಡೆಯೊಳಗೆ ತುದಿಯ ಸುತ್ತ 2 ಸೆಂ.ಮೀ. ಸಂದು ಬಿಡಿ, ಗಾರೆ ತುಂಬಬೇಡಿ.

ಮದ್ರಾಸ್ ತಾರಸಿಯಾದರೆ, ಅಂದರೆ ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆ ಓರೆಯಾಗಿ ಜೋಡಿಸಿ ಸುಣ್ಣದ ಕಾಂಕ್ರೀಟ್ ಹಾಕಿದ್ದಾದರೆ, ಮೇಲೆ ಹತ್ತಿ ಎಷ್ಟು ಪದರ ಇದೆ ನೋಡಿ. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಸಿಮೆಂಟ್ ಹಾಕುತ್ತಾ ಬಂದಿರುತ್ತಾರೆ. ಐದು ಸೆಂ.ಮೀ. ಸಿಮೆಂಟ್ ಪದರ ಚದರ ಮೀಟರಿಗೆ 100 ಕಿಲೊಗಿಂತ ಹೆಚ್ಚು ಭಾರ. ಕೆಳಗಿನ ಜಂತೆ ದಿನದಿನಕ್ಕೆ ಸೊರಗುತ್ತದೆ, ಮೇಲಿನ ಭಾರ ಏರುತ್ತದೆ. ಅದರ ಮೇಲೆ ನೀರಿನ ಟ್ಯಾಂಕ್ ಇದ್ದರೆ ಇವತ್ತೇ ಇಳಿಸಿ.

ಬಿರುಕುಗಳಿಗೆ ಗಾಜಿನ ಪಟ್ಟಿ ಅಂಟಿಸುವ ಹಳೆ ವಿಧಾನ ಈಗಲೂ ಒಳ್ಳೆಯದು. ಗಿಲಾವು ಕೆರೆದು, ಕಲ್ಲಿನ ಮೇಲೆ, ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ತುಂಡು ಇಟ್ಟು ಎರಡು ತುದಿಗೂ ಎಪಾಕ್ಸಿ ಅಂಟು ಹಚ್ಚಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಸೀಳಿದರೆ ಬಿರುಕು ಇನ್ನೂ ಚಲಿಸುತ್ತಿದೆ. ಮೇ ತಿಂಗಳಲ್ಲಿ ಹಚ್ಚಿ ನವೆಂಬರ್‌ವರೆಗಾದರೂ ನೋಡಬೇಕು. ಎರೆಮಣ್ಣಿನ ಊರಿನಲ್ಲಿ ಒಂದು ಪೂರ್ತಿ ವರ್ಷ. ಮಳೆಗಾಲದಲ್ಲಿ ಕೂಡಿ ಬೇಸಿಗೆಯಲ್ಲಿ ತೆರೆಯುವ ಬಿರುಕಿಗೆ ಕಾರಣ ಮಣ್ಣು. ಒಂದೇ ದಿಕ್ಕಿಗೆ ಅಗಲವಾಗುತ್ತಲೇ ಹೋಗುವುದು ಅಪಾಯದ್ದು, ಎಂಜಿನಿಯರ್ ಬಂದು ನೋಡುವವರೆಗೆ ಅದರ ಕೆಳಗೆ ಯಾರನ್ನೂ ಕೂರಿಸಬೇಡಿ.

ಮಳೆನೀರಿನ ಲೆಕ್ಕವೂ ಇರಲಿ. 30ಕ್ಕೆ 12 ಮೀಟರ್ ಮಾಡಿನ ಮೇಲೆ ಒಂದು ಸಂಜೆ 50 ಮಿ.ಮೀ. ಸುರಿದರೆ 18,000 ಲೀಟರ್ ನೀರು. ಬದಿಗೆ ನಾಲ್ಕರಂತೆ 100 ಮಿ.ಮೀ. ಕೊಳವೆಗಳು ಬೇಕು. ಬಹುತೇಕ ಕಡೆ ಎರಡಿರುತ್ತವೆ, ಅದರಲ್ಲೊಂದು ಎಲೆ ಕಟ್ಟಿಕೊಂಡಿರುತ್ತದೆ.

ಕಲ್ಲುಗೋಡೆ ಕೆಳಗಿನ ಮೂರಡಿ ಸದಾ ತೇವ, ಬಿಳಿ ಉಪ್ಪು ಏಳುತ್ತದೆ. ಸಿಮೆಂಟ್ ಗಿಲಾವು ಮಾಡಿಸಿದೆವು, ಈಗ ತೇವ ಐದಡಿಗೆ ಏರಿದೆ. — ಚಾಮರಾಜಪೇಟೆ, ದಾವಣಗೆರೆ

ಏರಲು ಕಾರಣ ಆ ಸಿಮೆಂಟೇ. ಸುಣ್ಣದ ಗಾರೆಯ ಗೋಡೆ ನೆಲದ ನೀರನ್ನು ಹೀರುತ್ತದೆ, ಮೈಯಿಂದ ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ಮೈಯನ್ನು ಮುಚ್ಚಿತು, ನೀರು ಆರುವ ಜಾಗ ಹುಡುಕಿಕೊಂಡು ಮೇಲೆ ಹೋಯಿತು. ಹೊರಗಡೆ ಗೋಡೆಗೆ ಅಂಟಿದಂತೆ ಕಾಂಕ್ರೀಟ್ ಹಾಸಿದ್ದರೆ ಅಲ್ಲಿನ ಮಣ್ಣೂ ಉಸಿರಾಡದೆ ನೀರನ್ನು ಗೋಡೆಗೇ ತಳ್ಳುತ್ತದೆ. ಹಳೆ ಪೇಟೆಗಳಲ್ಲಿ ಇನ್ನೊಂದು ಕಾರಣವುಂಟು. ಹಳೆ ಡಾಂಬರು ಕೆರೆಯದೆ ರಸ್ತೆಯ ಮೇಲೆ ರಸ್ತೆ ಹಾಕುತ್ತಾ, ಒಂದು ಕಾಲಕ್ಕೆ ಎರಡು ಮೆಟ್ಟಿಲು ಮೇಲಿದ್ದ ಕಟ್ಟಡ ಈಗ ರಸ್ತೆಗಿಂತ ತಗ್ಗಿನಲ್ಲಿದೆ.

ಮೊದಲು ಹೊರಗಿನ ನೀರು ತಿರುಗಿಸಿ. ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ಹಳೆ ಪಾಯದ ತಳಕ್ಕಿಂತ ಮೇಲೆಯೇ ಇರುವಂತೆ, 30 ಸೆಂ.ಮೀ. ಅಗಲದ ಕಾಲುವೆ ತೋಡಿ. ಮಣ್ಣು ತಡೆದು ನೀರು ಮಾತ್ರ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತುಳ್ಳ 100 ಮಿ.ಮೀ. ಪೈಪನ್ನು 100ಕ್ಕೆ 1ರ ಇಳಿಜಾರಿನಲ್ಲಿ ಇಟ್ಟು, 20 ಮಿ.ಮೀ. ಜಲ್ಲಿ ತುಂಬಿ. ಎರೆಮಣ್ಣಿನಲ್ಲಿ ಇಡೀ ಕಾಲುವೆ ಒಮ್ಮೆಗೇ ತೋಡಬೇಡಿ, ಮೂರು ಮೀಟರಿನಂತೆ ತೋಡಿ ತುಂಬುತ್ತಾ ಹೋಗಿ. ಮಳೆಗಾಲದಲ್ಲಿ ಈ ಕೆಲಸವೇ ಬೇಡ.

ಆಮೇಲೆ ಒಳಗಿನ ಸಿಮೆಂಟನ್ನು ಕೈಉಳಿಯಿಂದ ತೆಗೆಸಿ, ತೇವದ ಗೆರೆಗಿಂತ ಅರ್ಧ ಮೀಟರ್ ಮೇಲಿನವರೆಗೆ. ಗ್ರೈಂಡರ್ ಮುಟ್ಟಿಸಬೇಡಿ, ಕಲ್ಲಿನ ಅಂಚು ಹೋಗುತ್ತದೆ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಂದು ಬೇಸಿಗೆ ಗೋಡೆ ಬೆತ್ತಲೆ ಬಿಡಿ. ಗೌಂಡಿಗಳಿಗೂ ಮಾಲೀಕರಿಗೂ ತಾಳ್ಮೆ ಕೆಡುವುದು ಇಲ್ಲಿಯೇ, ಆದರೆ ಗೋಡೆ ಒಣಗದೆ ಮೇಲೆ ಹಚ್ಚಿದ್ದೆಲ್ಲ ದಂಡ.

ಗಾರೆಗೆ ಸುಟ್ಟಸುಣ್ಣವನ್ನು ನೀರಿಗೆ ಹಾಕಿ ಅರಳಿಸಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿದು ಕಣ್ಣು ಹೋಗುತ್ತದೆ. ಕನ್ನಡಕ, ಕೈಗವಸು ಕಡ್ಡಾಯ. ಜರಡಿ ಹಿಡಿದು ನೀರಿನಡಿಯಲ್ಲಿ ಮೂರು ವಾರವಾದರೂ ಇಡಿ, ಮೂರು ತಿಂಗಳಾದರೆ ಇನ್ನೂ ನಯ. ಬೇಗ ಬಳಸಿದರೆ ಅರಳದ ಕಾಳುಗಳು ಗೋಡೆ ಮೇಲೆ ಆಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತವೆ. ಒಣ ಭಾಗಕ್ಕೆ 1 ಸುಣ್ಣ, 3 ತೊಳೆದ ಮರಳು. ತೇವದ ಭಾಗಕ್ಕೆ 1 ಸುಣ್ಣ, 1 ಇಟ್ಟಿಗೆ ಪುಡಿ, 2 ಮರಳು; ಇಟ್ಟಿಗೆ ಪುಡಿ ಸೇರಿದರೆ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ. ಒಂದು ಪದರ 10ರಿಂದ 12 ಮಿ.ಮೀ. ಮೀರದಿರಲಿ, ಎರಡನೆಯದಕ್ಕೆ ಹತ್ತು ದಿನ ಬಿಡಿ, ವಾರವಿಡೀ ಒದ್ದೆ ಗೋಣಿಚೀಲ ಇಳಿಬಿಡಿ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲಲ್ಲಿ ಹಚ್ಚಿದರೆ ಒಂದೇ ದಿನಕ್ಕೆ ಒಣಗಿ ಪುಡಿಯಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಮೇಲೆ ತೆಳುವಾಗಿ ನಾಲ್ಕೈದು ಸಲ ಸುಣ್ಣ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಮತ್ತೆ ಮೊದಲಿನ ಕಥೆಯೇ.

ಆರಾಧನೆ ನಡೆಯದ ಚರ್ಚನ್ನು ಅಂಗಡಿಗೆ ಕೊಡಲು ಧರ್ಮದ ಪ್ರಕಾರ, ಕಾನೂನಿನ ಪ್ರಕಾರ ಅವಕಾಶ ಇದೆಯೇ? — ಹೊಳಲ್ಕೆರೆ

ಕ್ಯಾಥೊಲಿಕ್ ಚರ್ಚ್ ಕಾನೂನಿನ 1222ನೇ ವಿಧಿ ಇದಕ್ಕೇ ಇದೆ. ಕಟ್ಟಡ ಆರಾಧನೆಗೆ ಬಾರದಾಗಿ ರಿಪೇರಿಯೂ ಅಸಾಧ್ಯವಾದರೆ, ಅಥವಾ ಬೇರೆ ಗಂಭೀರ ಕಾರಣವಿದ್ದು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಿದ ಮೇಲೆ, ಬಿಷಪರು ಅದನ್ನು ಲೌಕಿಕ ಬಳಕೆಗೆ ಬಿಡಬಹುದು. ಆ ಬಳಕೆ ಹೊಲಸಾಗಿರಬಾರದು. ಬಲಿಪೀಠದ ಪಾವಿತ್ರ್ಯ ಮಾತ್ರ ಕಟ್ಟಡದ ಜೊತೆ ಹೋಗುವುದಿಲ್ಲ, ಆದ್ದರಿಂದ ಪೀಠ, ಸಂತರ ಪವಿತ್ರ ಅವಶೇಷ, ಪಾತ್ರೆಗಳನ್ನು ಮೊದಲೇ ಬೇರೆಡೆಗೆ ಒಯ್ಯುತ್ತಾರೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಆಸ್ತಿ ಸಾಮಾನ್ಯವಾಗಿ ಟ್ರಸ್ಟ್ ಹೆಸರಲ್ಲಿರುತ್ತದೆ, ಟ್ರಸ್ಟ್ ಪತ್ರ ಏನು ಹೇಳುತ್ತದೋ ಅದೇ ಮೊದಲ ಮಾತು.

ಭಾರತದಲ್ಲಿ 1991ರ ಪೂಜಾಸ್ಥಳಗಳ ಕಾಯ್ದೆಯೂ ಇದೆ. 1947ರ ಆಗಸ್ಟ್ 15ರಂದು ಇದ್ದ ಪೂಜಾಸ್ಥಳದ ಧಾರ್ಮಿಕ ಸ್ವರೂಪ ಹಾಗೇ ಮುಂದುವರಿಯಬೇಕು ಎನ್ನುತ್ತದೆ ಅದು. ಹಾಗಾಗಿ ಯಾರ ಜೊತೆಗೂ ಕರಾರು ಮಾಡಿಕೊಳ್ಳುವ ಮುಂಚೆ ವಕೀಲರ ಲಿಖಿತ ಅಭಿಪ್ರಾಯ ಪಡೆಯಿರಿ. ನೆಲದಲ್ಲಿ ಸಮಾಧಿ ಕಲ್ಲುಗಳಿದ್ದರೆ ಅಲುಗಿಸಬೇಡಿ. ಅವುಗಳ ಮೇಲೆ ತೇಲುವ (ಕಲ್ಲಿಗೆ ಅಂಟಿಸದ, ಮೊಳೆ ಹೊಡೆಯದ) ಮರದ ನೆಲ ಹಾಸಿ, ಹೆಸರು ಓದಲು ಬರುವಂತೆ ಅಲ್ಲಲ್ಲಿ ತೆರೆದಿಡಬಹುದು. ಊರಿನಲ್ಲಿ ಅದೇ ಸಭೆಗೆ ಸೇರಿದ ಕುಟುಂಬಗಳು ಇನ್ನೂ ಇದ್ದರೆ ನಕ್ಷೆ ಬರೆಯುವ ಮೊದಲು ಅವರ ಜೊತೆ ಕೂತು ಮಾತಾಡಿ. ಅಲ್ಲಿ ಅವರ ಹಿರಿಯರ ಮದುವೆ, ಮಕ್ಕಳ ಸ್ನಾನದೀಕ್ಷೆ ಆಗಿರುತ್ತದೆ. ಮದ್ಯದಂಗಡಿಯಂಥ ಬಳಕೆ ಬೇಡ ಎಂದು ಅವರು ಕೇಳಿದರೆ ಅದನ್ನು ಬಾಡಿಗೆ ಪತ್ರದಲ್ಲೇ ಬರೆಸಿ.

ನಮ್ಮ ಹಳೆ ಕಟ್ಟಡ ಕೋಟೆಗೆ ಹತ್ತಿರ ಇದೆ. ಮುಂದೆ ಒಂದು ಹೊಸ ಮಳಿಗೆ ಸಾಲು ಕಟ್ಟಬಹುದೇ? — ದೊಡ್ಡಪೇಟೆ, ಚಿತ್ರದುರ್ಗ

ಚಿತ್ರದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಿತ ಮಿತಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಖಾಸಗಿಯವರು ಹೊಸದು ಕಟ್ಟುವಂತಿಲ್ಲ. 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಕಟ್ಟಡವಾದರೆ ರಿಪೇರಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಕೇಳಬಹುದು. ನಿಯಂತ್ರಿತ ವಲಯದಲ್ಲಿ ಹೊಸದಕ್ಕೂ ಅನುಮತಿ ಬೇಕು. ಮೀರಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದೂರವನ್ನು ಅಂದಾಜಿನಲ್ಲಿ ಹೇಳಬೇಡಿ, ಸರ್ವೆ ಮಾಡಿಸಿದ ನಕ್ಷೆ ಲಗತ್ತಿಸಿ.

ಇದರ ಹೊರತಾಗಿ ನಗರಸಭೆಯ ವ್ಯಾಪಾರ ಪರವಾನಗಿ, ಯೋಜನಾ ಪ್ರಾಧಿಕಾರದಲ್ಲಿ ಭೂಬಳಕೆ ವಾಣಿಜ್ಯವೋ ಅಲ್ಲವೋ ಎಂಬ ದೃಢೀಕರಣ, ಬೆಸ್ಕಾಂನಲ್ಲಿ ವಾಣಿಜ್ಯ ದರದ ಸಂಪರ್ಕ ಬೇಕು. ಆಸ್ತಿ ತೆರಿಗೆಯೂ ವಾಣಿಜ್ಯ ದರಕ್ಕೆ ಏರುತ್ತದೆ, ಬಾಡಿಗೆ ನಿಗದಿಗೆ ಮುಂಚೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಹಳೆ ಹಾಲ್‌ಗೆ ಎಸಿ ಹಾಕಿಸಬಹುದೇ? — ದಾವಣಗೆರೆ

ಎತ್ತರದ ಹಾಲ್ ಪೂರ್ತಿ ತಂಪು ಮಾಡುವುದು ಹಣ ಸುರಿದಂತೆ. ಬಿಸಿಗಾಳಿ ತಾನಾಗಿ ಮಾಡಿನ ಕೆಳಗೆ ಸೇರುತ್ತದೆ, ಅದು ಹೊರಹೋಗುವ ಗವಾಕ್ಷಿಗಳನ್ನು ಮೊದಲು ತೆರೆಸಿ. ಎಷ್ಟೋ ಕಡೆ ಅವನ್ನು ಪಾರಿವಾಳಕ್ಕೆ ಹೆದರಿ ಇಟ್ಟಿಗೆಯಿಂದ ಮುಚ್ಚಿರುತ್ತಾರೆ. ಇಟ್ಟಿಗೆ ತೆಗೆದು ಜಾಲರಿ ಹಾಕಿ, ದೊಡ್ಡ ರೆಕ್ಕೆಯ ನಿಧಾನದ ಫ್ಯಾನ್ ಇಡಿ. ಫ್ಯಾನ್ ತೂಗುವ ಟ್ರಸ್ ಯಾವುದೆಂದು ಎಂಜಿನಿಯರ್ ಹೇಳಲಿ. ಎಸಿ ಬೇಕೇಬೇಕೆಂದರೆ ಹೊರಪೆಟ್ಟಿಗೆಯನ್ನು ನೆಲದ ಮೇಲೆ ಕಟ್ಟೆ ಮಾಡಿ ಇರಿಸಿ, ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಡಿ. ಅದರಿಂದ ತೊಟ್ಟಿಕ್ಕುವ ನೀರನ್ನು ಪೈಪಿನಲ್ಲಿ ಚರಂಡಿಗೆ ಒಯ್ಯಿರಿ, ಗೋಡೆಯ ಬುಡಕ್ಕೆ ಬಿಡಬೇಡಿ.

ಒಳಗೆ ಬೆಣ್ಣೆ ದೋಸೆ ಹೋಟೆಲ್‌ಗೆ ಒಳ್ಳೆ ಬಾಡಿಗೆ ಬರುತ್ತದೆ. ಕೊಡಬಹುದೇ? — ಮಂಡಿಪೇಟೆ, ದಾವಣಗೆರೆ

ಒಳಗೆ ಬೇಡ. ಒಲೆ, ಕಾವಲಿಯ ಜಿಡ್ಡುಹೊಗೆ ಮರದ ಟ್ರಸ್ ಮೇಲೆ ಕೂತು ಪದರವಾಗುತ್ತದೆ. ಜಿಡ್ಡು ಕುಡಿದ ಮರಕ್ಕೆ ಕಿಡಿ ತಾಕಿದರೆ ಆರಿಸುವುದು ಬಹಳ ಕಷ್ಟ. ಅಂಗಳದಲ್ಲಿ, ಗೋಡೆಯಿಂದ ದೂರ, ತಗಡಿನ ಮಾಡಿನ ಬೇರೆ ಅಡುಗೆಮನೆ ಮಾಡಿಕೊಟ್ಟು ಕೂರುವ ಜಾಗ ಮಾತ್ರ ಒಳಗಿಡಿ. ಗ್ಯಾಸ್ ಸಿಲಿಂಡರ್ ಒಂದೂ ಒಳಗೆ ಬರಬಾರದು. ಪೇಂಟ್, ಥಿನ್ನರ್, ಪಟಾಕಿ ಮಾರುವವರಿಗೂ ಇದೇ ಉತ್ತರ.

ಬಾಡಿಗೆದಾರರು ತಮಗೆ ಬೇಕಾದ ಹಾಗೆ ಮೊಳೆ, ಬೋರ್ಡ್, ಲೈಟ್ ಹಾಕಿಕೊಳ್ಳುತ್ತಾರೆ. ತಡೆಯುವುದು ಹೇಗೆ? — ಗಾಂಧಿ ವೃತ್ತ, ಚಿತ್ರದುರ್ಗ

ಬಾಡಿಗೆ ಪತ್ರಕ್ಕೆ ಒಂದು ಹಾಳೆ ಸೇರಿಸಿ, ಮಳಿಗೆಯ ನಕ್ಷೆ ಜೊತೆಗೆ, ಇಬ್ಬರ ಸಹಿಯೊಂದಿಗೆ. ಗೋಡೆ, ಕಂಬ, ಕಮಾನು, ಟ್ರಸ್ ಮಾಲೀಕರವು, ಅವಕ್ಕೆ ಏನನ್ನೂ ಕಟ್ಟುವಂತಿಲ್ಲ, ಕೊರೆಯುವಂತಿಲ್ಲ. ತಂತಿ ಎಲ್ಲ ಮಳಿಗೆಯ ಚೌಕಟ್ಟಿನ ಮೇಲೆ ಲೋಹದ ಕೊಳವೆಯಲ್ಲಿ ಓಡಬೇಕು. ಪ್ರತಿ ಮಳಿಗೆಗೆ ಬೇರೆ ಮೀಟರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್). ರಾತ್ರಿ ಬೀಗ ಹಾಕುವಾಗ ಮುಖ್ಯ ಸ್ವಿಚ್ ಇಳಿಸಬೇಕು. ಯಾವ ಮಳಿಗೆಯಿಂದಲೂ 15 ಮೀಟರ್ ನಡೆಯುವುದರೊಳಗೆ ಒಂದು ಅಗ್ನಿಶಾಮಕ ಉಪಕರಣ ಸಿಗಬೇಕು, ಅದರ ಮುಂದೆ ಸರಕು ಇಡಬಾರದು. ಸರಕಿನ ಎತ್ತರ ಮಳಿಗೆಯ ಅಡ್ಡಗೋಡೆ ಮೀರಬಾರದು.

ಹೊರಗಿನ ಬೋರ್ಡ್‌ಗಳಿಗೆ ಅಂಗಳದಲ್ಲಿ ಒಂದೇ ಕಂಬ ನೆಟ್ಟು ಎಲ್ಲ ಮಳಿಗೆಗಳ ಹೆಸರನ್ನು ಒಂದೇ ಅಳತೆಯಲ್ಲಿ ಬರೆಸಿ. ಮುಂಗೋಡೆಗೆ ಏನಾದರೂ ಸಿಕ್ಕಿಸಲೇಬೇಕಾದರೆ ಕಲ್ಲಿನಲ್ಲಿ ಬೇಡ, ಸಂದಿಯ ಗಾರೆಯಲ್ಲಿ ತೂತು ಕೊರೆಸಿ. ಗಾರೆಯನ್ನು ಮತ್ತೆ ತುಂಬಬಹುದು, ಕಲ್ಲನ್ನು ತುಂಬಲಾಗದು. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಮಾತ್ರ ಬಳಸಿ: ಮಾಮೂಲಿ ಕಬ್ಬಿಣ ತುಕ್ಕು ಹಿಡಿದರೆ ಹಲವು ಪಟ್ಟು ಊದಿಕೊಂಡು ಕಲ್ಲನ್ನೇ ಸೀಳುತ್ತದೆ.

ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ನವೆಂಬರ್‌ನಲ್ಲಿ, ಮಾಲೀಕರು ಎಲ್ಲ ಮಳಿಗೆಗಳ ಹಿಂದಿನ ಆ 60 ಸೆಂ.ಮೀ. ಸಂದಿಯಲ್ಲಿ ಟಾರ್ಚ್ ಹಿಡಿದು ನಡೆದು ನೋಡುವ ಹಕ್ಕನ್ನೂ ಪತ್ರದಲ್ಲೇ ಬರೆಸಿಡಿ. ಅಲ್ಲಿ ಸರಕು ತುಂಬಿದ್ದರೆ ತೆಗೆಯಲು ಏಳು ದಿನ, ಆಮೇಲೆ ಮುಂಗಡದಲ್ಲಿ ಕಡಿತ ಎಂದು ನಮೂದಿಸಿದರೆ ಸಾಕು.